ಅಪ್ಪನ ನಲವತ್ತು ಒತ್ತು

1/8

ಮೊದಲನೇ ಫೋಟೋ ನೋಡಿ. ನನ್ನ ಅಂಗೈಯಲ್ಲಿರೋ ಈ ಕಪ್ಪು ಗುಂಡಿಯ ವಸ್ತುವಿಗೆ ಹ್ಯಾಂಡ್ ಪ್ರೈಮರ್ ಅಂತಾರೆ. ಡೀಸೆಲ್ ಗಾಡೀಲಿ ಫಿಲ್ಟರ್ ತಲೆ ಮೇಲೆ ಕೂತಿರುತ್ತೆ. ಮೂರು ತಿಂಗಳ ಹಿಂದಿನವರೆಗೂ ನನಗೆ ಇದರ ಹೆಸರೇ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಮನೆ ಮುಂದೆ ನಿಂತಿರೋ ನಮ್ಮ ಕ್ವಾಲಿಸ್‌ನಲ್ಲಿ ಇಂಥದ್ದೊಂದು ಇದೆ ಅನ್ನೋದೂ ಗೊತ್ತಿರಲಿಲ್ಲ.

ನಮ್ಮನೆ ಚಾಮರಾಜಪೇಟೆಯಲ್ಲಿ. ಹಳೇ ಕಾಲದ ಮನೆ, ಗೇಟಿನೊಳಗೆ ಒಂದು ಸ್ಕೂಟರ್ ನಿಲ್ಲಿಸೋಷ್ಟೇ ಜಾಗ. ಕಾರು ಬೀದೀಲೇ, ಹೊಂಗೆ ಮರದ ಕೆಳಗೆ. ಅಪ್ಪ ದಿನಾ ಬೆಳಗ್ಗೆ ಆರಕ್ಕೆ ಎದ್ದು, ಕಾಫಿಗೂ ಮುಂಚೆ, ಲುಂಗಿ ಎತ್ತಿ ಕಟ್ಟಿ ಬಾನೆಟ್ ತೆಗೆಯೋರು. ಐದು ನಿಮಿಷ ತಲೆ ಒಳಗೆ ಹಾಕ್ಕೊಂಡು ಏನೋ ಮಾಡೋರು. "ಏನಪ್ಪಾ ಅದು ದಿನಾ?" ಅಂತ ಕೇಳಿದ್ರೆ, "ಆಯಿಲ್ಲು ನೀರು ನೋಡ್ತಿದ್ದೀನಮ್ಮ" ಅನ್ನೋರು. ಆಮೇಲೆ ಬಾನೆಟ್ ಮುಚ್ಚಿ, ಸೀಟಲ್ಲಿ ಕೂತು, ಒಂದೇ ಸೆಲ್ಫ್. ಗಡಗಡ ಅಂತ ಇಂಜಿನ್ ಎದ್ದು ಕೂರೋದು. ಎದುರು ಮನೆಯವರು ಅದನ್ನೇ ಅಲಾರಂ ಮಾಡ್ಕೊಂಡಿದ್ರು.

ಅಮ್ಮ ಇದಕ್ಕೆ "ನಿಮ್ಮಪ್ಪನ ಸಂಧ್ಯಾವಂದನೆ" ಅಂತ ಹೆಸರಿಟ್ಟಿದ್ಲು. ನಾವೆಲ್ಲ ನಗ್ತಿದ್ವಿ. ವಯಸ್ಸಾದ ಗಂಡಸರಿಗೆ ಹಳೇ ಕಾರು ಅಂದ್ರೆ ಹಾಗೇ, ಸುಮ್ನೆ ಮುಟ್ಟಿ ಸವರಿ ನೋಡ್ತಿರ್ತಾರೆ ಅಂದ್ಕೊಂಡಿದ್ವಿ. ಅಪ್ಪ ಒಳಗೆ ಕೈ ಹಾಕಿ ನಿಜವಾಗ್ಲೂ ಏನು ಮಾಡ್ತಿದ್ರು ಅಂತ ನಮ್ಮಲ್ಲಿ ಒಬ್ಬರೂ ಬಗ್ಗಿ ನೋಡಲಿಲ್ಲ.

ಉದ್ದದ ಕಥೆ, ಎಂಟು ಪೋಸ್ಟು. ಕಾರಿನ ಕೆಲಸ ಕಲಿಯೋಕೆ ಬಂದವರಿಗೆ 4, 6, 7ರಲ್ಲಿ ಬೇಕಾದ್ದು ಸಿಗುತ್ತೆ.

2/8

ಜನವರಿ. ಸಂಕ್ರಾಂತಿಗೆ ಇನ್ನೊಂದು ವಾರ ಇತ್ತು. ಬೆಳಗಿನ ಜಾವ 4:40. ಬಚ್ಚಲಿಗೆ ಅಂತ ಎದ್ದ ಅಪ್ಪ ಗೋಡೆಗೆ ಒರಗಿ ಹಾಗೇ ಕುಸಿದ್ರು. ಬಾಯಿ ಒಂದು ಕಡೆ ವಾಲಿತ್ತು. ಬಲಗೈ ಎತ್ತಿ ಅಂದ್ರೆ ಎತ್ತೋಕಾಗ್ಲಿಲ್ಲ.

ನಾನು ಕಾರಿನ ಕೀ ಹಿಡ್ಕೊಂಡು ಓಡಿದೆ. ಹೀಟರ್ ದೀಪ ಆರೋವರೆಗೂ ಕಾದೆ, ಅಷ್ಟು ಅಪ್ಪ ಕಲಿಸಿದ್ರು. ಸೆಲ್ಫ್ ಹೊಡೆದೆ. ಟರ್ ಟರ್ ಅಂತು, ಹಿಡೀಲಿಲ್ಲ. ಮತ್ತೆ ಹೊಡೆದೆ. ಮತ್ತೆ. ಐದನೇ ಸಲಕ್ಕೆ ಬ್ಯಾಟರಿ ಸೋತ ಸದ್ದು. ದಿನಾ ಒಂದೇ ಸಲಕ್ಕೆ ಏಳೋ ಗಾಡಿ ಇವತ್ತೇ ಯಾಕೆ ಹೀಗೆ ಅಂತ ಸ್ಟೀರಿಂಗಿಗೆ ಗುದ್ದಿದೆ.

ಅಷ್ಟೊತ್ತಿಗೆ ಅಮ್ಮ ಮತ್ತು ಪಕ್ಕದ ಮನೆಯವರು ಅಪ್ಪನ್ನ ಜಗಲಿ ಮೇಲೆ ಕೂರಿಸಿದ್ರು. ಅಪ್ಪ ನನ್ನ ಕಡೆ ನೋಡ್ತಾ "ಪ... ಪ..." ಅಂತಿದ್ರು. ಎಡಗೈ ಹೆಬ್ಬೆರಳನ್ನ ತೊಡೆ ಮೇಲೆ ಒತ್ತಿ ಒತ್ತಿ ತೋರಿಸ್ತಿದ್ರು. ಅಮ್ಮ ನೀರು ಕೇಳ್ತಿದ್ದಾರೆ ಅಂದ್ಕೊಂಡು ಒಳಗೆ ಓಡಿದ್ಲು. ನಾನು ಬಡಬಡಿಕೆ ಅಂದ್ಕೊಂಡೆ.

ಕೊನೆಗೆ ಸಿಕ್ಕಿದ್ದು ಹೂವಿನವರ ಆಟೋ. ಖಾಲಿ ಬುಟ್ಟಿ ಹೇರ್ಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಹೊರಟಿದ್ದವರು ಬುಟ್ಟಿಗಳನ್ನ ನಮ್ಮ ಗೇಟಿನ ಮುಂದೆ ಇಳಿಸಿ ಅಪ್ಪನ್ನ ಹತ್ತಿಸ್ಕೊಂಡ್ರು. 108ಕ್ಕೆ ಫೋನ್ ಮಾಡಬೇಕು ಅಂತ ನನಗೆ ಹೊಳೀಲೇ ಇಲ್ಲ. ಮನೆ ಮುಂದೆ ಕಾರಿದೆ ಅನ್ನೋ ಧೈರ್ಯವೇ ಇಪ್ಪತ್ತು ನಿಮಿಷ ತಿಂದುಹಾಕಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಪಾರ್ಶ್ವವಾಯು, ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಅಂದ್ರು. ಹೆಪ್ಪು ಕರಗಿಸೋ ಇಂಜೆಕ್ಷನ್‌ನ ಶುರುವಾದ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ಅದರಲ್ಲೂ ಬೇಗ ಬಂದಷ್ಟೂ ಲಾಭ ಅಂದ್ರು. ನಾವು ಹೊತ್ತಿಗೆ ಸರಿಯಾಗೇ ಹೋಗಿದ್ವಿ. ಆದ್ರೂ ಆ ಇಪ್ಪತ್ತು ನಿಮಿಷ ನನ್ನ ತಲೆಯಿಂದ ಇಳೀಲಿಲ್ಲ.

3/8

ಹನ್ನೆರಡು ದಿನಕ್ಕೆ ಅಪ್ಪ ಮನೆಗೆ ಬಂದ್ರು. ಮಾತು ನಿಧಾನ, ಆದ್ರೆ ಅರ್ಥ ಆಗುತ್ತೆ. ಕಾಲು ಎಳೆಯುತ್ತೆ. ಬಲಗೈ ಬೆರಳಲ್ಲಿ ಹಿಡಿತ ಇಲ್ಲ.

ಪುಣೆಯಿಂದ ಅಣ್ಣ ಫೋನ್ ಮಾಡಿದ. "ಆ ಗಾಡಿ ಮಾರಿಬಿಡು ಕಣೆ. ಬೇಕಾದಾಗ ಬರದೇ ಇರೋದನ್ನ ಇಟ್ಕೊಂಡು ಏನು ಪೂಜೆ ಮಾಡ್ತೀರಾ?" ನನಗೂ ಹೌದು ಅನ್ನಿಸ್ತು. ಆ ಗಾಡಿ ಮುಖ ನೋಡೋಕೇ ಮನಸ್ಸಿರಲಿಲ್ಲ.

ಬೆಂಗಳೂರಿನವರಿಗೆ ಕ್ವಾಲಿಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೊದಲ ಗಾಡಿ ಅದೇ. 2000ದಲ್ಲಿ ಮಾರುಕಟ್ಟೆಗೆ ಬಂತು, 2005ರಲ್ಲಿ ಇನ್ನೋವಾ ಬಂದಾಗ ನಿಂತುಹೋಯ್ತು. ಅಷ್ಟರಲ್ಲೇ ರಾತ್ರಿ ಪಾಳಿಯ ಕಾಲ್ ಸೆಂಟರ್ ಹುಡುಗ ಹುಡುಗೀರನ್ನೆಲ್ಲ ಹೊತ್ತು ತಿರುಗಿ ಊರಿನ ಮನೆಮಾತಾಯ್ತು. ನಮ್ಮದು 2003ರ ಮಾಡೆಲ್, ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಧರ್ಮಸ್ಥಳಕ್ಕೆ, ಅತ್ತೆ ಮಗಳ ಮದುವೆಗೆ, ಅಜ್ಜಿಯ ಅಸ್ಥಿ ಬಿಡೋಕೆ ಶ್ರೀರಂಗಪಟ್ಟಣಕ್ಕೆ, ಎಲ್ಲಕ್ಕೂ ಅದೇ ಗಾಡಿ.

ಆದ್ರೆ ಮಾರಬೇಕಾದ್ರೂ ಗಾಡಿ ಸ್ಟಾರ್ಟ್ ಆಗ್ಬೇಕಲ್ಲ? ಮೆಕ್ಯಾನಿಕ್ ಒಬ್ಬರನ್ನ ಕರೆಸಿದೆ. ಸೆಲ್ಫ್ ಹೊಡೆದು ನೋಡಿ, ಹೊಗೆ ಕೊಳವೆ ಹತ್ತಿರ ನಿಂತು, "ಹೊಗೇನೇ ಬರ್ತಿಲ್ಲ ಮೇಡಂ, ಡೀಸೆಲ್ ಪಂಪೇ ಹೋಗಿದೆ. ಬಿಚ್ಚಿ ಓವರ್‌ಹಾಲ್ ಮಾಡಿಸ್ಬೇಕು. ಹದಿನೆಂಟು ಸಾವಿರ ಇಟ್ಕೊಳ್ಳಿ" ಅಂದ್ರು.

ಮಾರೋ ಗಾಡಿಗೆ ಹದಿನೆಂಟು ಸಾವಿರ! ಗುಜರಿಗೆ ಹಾಕೋದೇ ವಾಸಿ ಅಂತ ಯೋಚಿಸ್ತಾ ನಿಂತಿದ್ದಾಗ ಪಕ್ಕದ ಮನೆ ಕಾಂಪೌಂಡಿನಿಂದ ಒಂದು ಧ್ವನಿ ಬಂತು. "ಅವಸರ ಮಾಡ್ಬೇಡಮ್ಮ. ಡೀಸೆಲ್ ಪಂಪು ರಾತ್ರೋರಾತ್ರಿ ಸಾಯಲ್ಲ."

4/8

ಅವರು ನಮಗೆಲ್ಲ ಮೈಕೋ ಮಾಮ. ಆಡುಗೋಡಿಯ ಮೈಕೋದಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿ ರಿಟೈರ್ ಆದವರು. ಈಗಿನ ಮಕ್ಕಳಿಗೆ ಮೈಕೋ ಅಂದ್ರೆ ಒಂದು ಲೇಔಟ್ ಅಷ್ಟೇ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು, 2008ರಿಂದ ಬಾಷ್ ಅನ್ನೋ ಹೆಸರು. ಡೀಸೆಲ್ ಪಂಪ್ ಅಂದ್ರೆ ಮೈಕೋ ಅನ್ನೋಷ್ಟು ಹೆಸರು ಮಾಡಿತ್ತು.

ಮಾಮ ನನ್ನನ್ನ ನಿಲ್ಲಿಸ್ಕೊಂಡು ಪಾಠ ಮಾಡಿದ್ರು. "ಪೆಟ್ರೋಲ್ ಗಾಡೀಲಿ ಕಿಡಿ ಇರುತ್ತೆ. ಡೀಸೆಲ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನ ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೆ ಡೀಸೆಲ್ ಸಿಂಪಡಿಸೋದು. ಸಿಂಪಡಿಸೋಕೆ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ಪೈಪಲ್ಲಿ ಡೀಸೆಲ್ ಬದಲು ಗಾಳಿ ಇದ್ರೆ? ಗಾಳಿ ಸ್ಪಂಜಿನ ಹಾಗೆ ಕುಗ್ಗುತ್ತೆ ಅಷ್ಟೇ, ನಾಝಲ್ ಬಾಯಿ ತೆರೆಯಲ್ಲ. ಇದಕ್ಕೇ ಏರ್ ಹಿಡಿಯೋದು ಅನ್ನೋದು."

ಕ್ವಾಲಿಸ್‌ನಂಥ ಗಾಡೀಲಿ ಟ್ಯಾಂಕಿನಲ್ಲಿ ಪಂಪ್ ಇರಲ್ಲ. ಇಂಜಿನ್ ಪಕ್ಕದ ಪಂಪೇ ಟ್ಯಾಂಕಿನಿಂದ ಫಿಲ್ಟರ್ ಮೂಲಕ ಡೀಸೆಲ್ ಎಳ್ಕೊಳ್ಳುತ್ತೆ, ಸ್ಟ್ರಾನಲ್ಲಿ ಎಳನೀರು ಎಳೆದ ಹಾಗೆ. ಸ್ಟ್ರಾದಲ್ಲಿ ಸೂಜಿಮೊನೆಯಷ್ಟು ತೂತಿದ್ರೂ ಎಳನೀರಿನ ಜೊತೆ ಗಾಳಿ ಬರುತ್ತೆ. ರಾತ್ರಿಯೆಲ್ಲ ನಿಂತ್ರೆ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿದು ಪೈಪು ಖಾಲಿ.

ಮಾಮ ಫಿಲ್ಟರಿನಿಂದ ಪಂಪಿಗೆ ಹೋಗೋ ರಬ್ಬರ್ ಪೈಪ್ ತೆಗೆದು, ಒಳಗಿರೋದು ಕಾಣೋ ಪ್ಲಾಸ್ಟಿಕ್ ಪೈಪ್ ಹಾಕಿದ್ರು (ಎರಡನೇ ಫೋಟೋ). ಫಿಲ್ಟರ್ ತಲೆ ಮೇಲೆ ಒಂದು ಬಟ್ಟೆ ಸುತ್ತಿತ್ತು, ಡೀಸೆಲ್‌ನಲ್ಲಿ ನೆನೆದು ಕಪ್ಪಾಗಿತ್ತು. ಬಿಚ್ಚಿದ್ರೆ ಈ ಗುಂಡಿ. ಅದನ್ನ ಒತ್ತುತ್ತಾ ಹೋದ್ರು. ಮೊದಲು ಬರೀ ಗುಳ್ಳೆ, ಆಮೇಲೆ ಡೀಸೆಲ್. ಗುಂಡಿ ಸುತ್ತಲೂ ತೇವ ಜಿನುಗಿತು. "ನೋಡಮ್ಮ, ಕೈಯಲ್ಲಿ ಒತ್ತಿದಾಗ ಹೊರಗೆ ಸೋರುತ್ತೆ. ಇಂಜಿನ್ ಓಡುವಾಗ ಅದೇ ಸಂದಿಯಿಂದ ಗಾಳಿ ಒಳಗೆ ಹೋಗುತ್ತೆ. ಕಾಯಿಲೆ ಇಲ್ಲಿದೆ. ಪಂಪಿಗೇನೂ ಆಗಿಲ್ಲ."

ನಲವತ್ತು ಸಲ ಒತ್ತಿ, ಬೇರೆ ಬ್ಯಾಟರಿಯಿಂದ ಕೇಬಲ್ ಕೊಟ್ಟು ಸೆಲ್ಫ್ ಹೊಡೆದ್ರು. ಗಡಗಡ.

5/8

ನನ್ನ ಕಣ್ಣು ಆ ಬಟ್ಟೆ ಮೇಲಿತ್ತು. ಅಮ್ಮನ ಹಳೇ ಹತ್ತಿ ಸೀರೆ ತುಂಡು.

ಒಳಗೆ ಹೋಗಿ ಅಮ್ಮನ್ನ ಕೇಳಿದೆ. "ವಾರಕ್ಕೊಂದು ಬಟ್ಟೆ ತುಂಡು ಕೊಡು ಅನ್ನೋರು, ಕೊಡ್ತಿದ್ದೆ. ಕಾರು ಒರೆಸೋಕೆ ಅಂದ್ಕೊಂಡೆ" ಅಂದ್ಲು.

ಅಪ್ಪ ಕಿಟಕಿ ಪಕ್ಕ ಕೂತು ಎಲ್ಲಾನೂ ನೋಡ್ತಿದ್ರು. ನಾನು ಪಕ್ಕದಲ್ಲಿ ಕೂತೆ.

"ಅಪ್ಪ, ನಿಮಗೆ ಗೊತ್ತಿತ್ತಾ?"

ತಲೆ ಆಡಿಸಿದ್ರು.

"ಎಷ್ಟು ದಿನದಿಂದ?"

ಎಡಗೈಯ ಮೂರು ಬೆರಳು ಎತ್ತಿದ್ರು. "ವರ್ಷ" ಅಂದ್ರು. ಆಮೇಲೆ ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದ್ರು. "ಮೊದ್ಲು... ಹತ್ತು ಒತ್ತು. ಆಮೇಲೆ ಇಪ್ಪತ್ತು. ಈಗ... ನಲವತ್ತು."

ಜಗಲಿ ಮೇಲೆ ಕೂತು "ಪ... ಪ..." ಅಂದಿದ್ದು ನೀರಿಗಲ್ಲ, ಬಡಬಡಿಕೆಯೂ ಅಲ್ಲ. ಪಂಪ್ ಒತ್ತು ಅಂತ. ಅರ್ಧ ಮೈ ಸತ್ತ ಹೊತ್ತಲ್ಲೂ ಅವರೊಬ್ಬರಿಗೇ ಕಾಯಿಲೆ ಎಲ್ಲಿದೆ ಅಂತ ಗೊತ್ತಿತ್ತು. ನಮಗೆ ಭಾಷೆ ಬರಲಿಲ್ಲ ಅಷ್ಟೇ.

"ಯಾಕಪ್ಪಾ ಹೇಳ್ಲಿಲ್ಲ?"

ತುಂಬ ಹೊತ್ತು ಸುಮ್ಮನಿದ್ರು. "ಹೇಳಿದ್ರೆ... ಮಾರಿ ಅಂತೀರ."

ಸುಳ್ಳು ಯಾಕೆ ಹೇಳ್ಲಿ, ಸಿಟ್ಟೇ ಬಂತು. ಇಷ್ಟು ಚಿಕ್ಕ ರಬ್ಬರಿಗೋಸ್ಕರ ಜೀವ ಪಣಕ್ಕಿಟ್ರಾ ಅಂತ. ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ಅಲ್ಲಿ ನಿಂತಾಗ 2023 ನೆನಪಾಯ್ತು. ಆ ವರ್ಷ ಗಾಡಿಯ ರಿಜಿಸ್ಟ್ರೇಷನ್ ಇನ್ನೈದು ವರ್ಷಕ್ಕೆ ನವೀಕರಿಸಬೇಕಿತ್ತು. ಅದರ ಫೀಸು 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಇನ್ಶೂರೆನ್ಸು, ಟೈರು ಬೇರೆ. ಊಟಕ್ಕೆ ಕೂತಾಗ ಅಣ್ಣ "ಇದಕ್ಕೆ ಇನ್ನೊಂದು ರೂಪಾಯಿ ಖರ್ಚಾದ್ರೆ ಗಾಡಿ ಹೊರಗೆ" ಅಂದಿದ್ದ. ನಾನು "ಹೌದಪ್ಪಾ" ಅಂತ ಸೇರಿಸಿದ್ದೆ.

ಸೋರೋಕೆ ಶುರುವಾಗಿದ್ದೂ ಆ ವರ್ಷವೇ. ಅಪ್ಪ ಬಿಲ್ ತರೋದರ ಬದಲು ಹೆಬ್ಬೆರಳು ಕೊಟ್ಟಿದ್ರು.

6/8

ಸಾಮಾನು ತರೋಕೆ ಜೆ.ಸಿ. ರೋಡಿಗೆ ನಾನೇ ಹೊರಟೆ. ಮಕ್ಕಳ ಕೂಟ ದಾಟಿ, ಸಜ್ಜನ್ ರಾವ್ ಸರ್ಕಲ್ ಬಳಸಿ, ಮಿನರ್ವ ಸರ್ಕಲ್ ಹತ್ತಿರ ಸ್ಕೂಟರ್ ನಿಲ್ಲಿಸಿದೆ. ಜಯಚಾಮರಾಜೇಂದ್ರ ರಸ್ತೆ ಅಂದ್ರೆ ನಾಟಕದವರಿಗೆ ಕಲಾಕ್ಷೇತ್ರ, ಗಾಡಿಯವರಿಗೆ ಬೇರಿಂಗು, ಹೆಡ್‌ಲೈಟು, ಗ್ಯಾಸ್ಕೆಟ್ಟು. ಹುಟ್ಟಿದಾಗಿನಿಂದ ಈ ರಸ್ತೇಲಿ ಓಡಾಡಿದ್ದೀನಿ, ಒಂದು ಅಂಗಡಿಯನ್ನೂ ಹತ್ತಿರಲಿಲ್ಲ.

"ಕ್ವಾಲಿಸ್ ಪ್ರೈಮರ್ ಕೊಡಿ" ಅಂದೆ. "ಮೆಕ್ಯಾನಿಕ್‌ನ ಕಳ್ಸಿ ಮೇಡಂ" ಅಂದ್ರು. ಹಳೇದನ್ನ ಚೀಲದಿಂದ ತೆಗೆದು ಕೌಂಟರ್ ಮೇಲಿಟ್ಟೆ. ಮಾಮ ಹೇಳಿದ್ದರು, ಜೆ.ಸಿ. ರೋಡಲ್ಲಿ ಬಾಯಿ ಮಾತಿಗಿಂತ ಹಳೇ ಸಾಮಾನೇ ಚೆನ್ನಾಗಿ ಮಾತಾಡುತ್ತೆ ಅಂತ. ಹುಡುಗ ಒಳಗೆ ಹೋಗಿ ತಕ್ಷಣ ಒಂದನ್ನ ತಂದ. ಅಗ್ಗ. ಖುಷಿಯಿಂದ ತಗೊಂಡು ಬಂದೆ.

ಮನೇಲಿ ಮಾಮ ಅದರೊಳಗೆ ನಾಲ್ಕು ಹನಿ ಡೀಸೆಲ್ ಬಿಟ್ಟು ಪರೀಕ್ಷೆ ಮಾಡಿದ್ರು. ಇದನ್ನ ನೀವೂ ನೆನಪಿಟ್ಕೊಳ್ಳಿ:

• ಡೀಸೆಲ್ ಹೊರಗೆ ಹೋಗೋ ಬಾಯಿಗೆ ಬೆರಳು ಅಡ್ಡ ಇಟ್ಟು ಗುಂಡಿ ಒತ್ತಿ. ಗಟ್ಟಿಯಾಗಿ ನಿಲ್ಲಬೇಕು.
• ಒಳಗೆ ಬರೋ ಬಾಯಿಗೆ ಬೆರಳು ಇಟ್ಟು, ಒತ್ತಿದ ಗುಂಡಿ ಬಿಡಿ. ಬೆರಳನ್ನ ಎಳೀಬೇಕು, ಗುಂಡಿ ಬೇಗ ಮೇಲೆ ಬರಬಾರದು.

ನಾನು ತಂದದ್ದು ಎರಡರಲ್ಲೂ ಫೇಲ್. ಹೊಸದು, ಆದ್ರೆ ಹುಟ್ಟಾ ಸೋರುಬುರುಕ.

ಮಾರನೇ ದಿನ ಮತ್ತೆ ಹೋದೆ, ಬೇರೆ ಅಂಗಡಿಗೆ. ಈ ಸಲ "ಒರಿಜಿನಲ್ ಮಾಲು ತೋರ್ಸಿ, ಇಲ್ಲೇ ಒತ್ತಿ ನೋಡ್ತೀನಿ" ಅಂದೆ. ಅಂಗಡಿಯ ಹಿರಿಯರು ಕನ್ನಡಕದ ಮೇಲಿಂದ ನನ್ನ ನೋಡಿ, ಏಣಿ ಹತ್ತಿ, ಮೇಲಿನ ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಸಿದ್ರು. ಬೆಲೆ ಮೊದಲಿನದರ ನಾಲ್ಕರಷ್ಟು. ಒತ್ತಿದೆ. ಕಲ್ಲಿನ ಹಾಗೆ ನಿಂತಿತು. "ಯಾರಮ್ಮ ಕಲಿಸಿದ್ದು?" ಅಂದ್ರು. ಮೈಕೋ ಅಂದೆ. ಹತ್ತು ಪರ್ಸೆಂಟ್ ಬಿಟ್ರು.

7/8

ಭಾನುವಾರ ಬೆಳಗ್ಗೆ ಕೆಲಸ. ಅಪ್ಪನ ಕುರ್ಚಿಯನ್ನ ಗೇಟಿನ ಹೊರಗೆ, ಕಾರಿನ ಮುಂದೆ ಹಾಕಿದ್ವಿ. ಮಾಮ ಹೇಳ್ತಾ ಹೋಗೋದು, ಕೈ ನನ್ನದು, ತಪ್ಪು ಹಿಡಿಯೋದು ಅಪ್ಪ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಹತ್ತಿರ ಬೆಂಕಿ, ಬೀಡಿ, ಊದುಬತ್ತಿ ಏನೂ ಇರಬಾರದು. ಕೆಳಗೊಂದು ಟ್ರೇ, ಸುತ್ತ ವೇಸ್ಟ್ ಬಟ್ಟೆ. ಫಿಲ್ಟರಿನ ಕೆಳಗಿರೋ, ನೀರು ಸೇರಿದ್ರೆ ತಿಳಿಸೋ ಸೆನ್ಸರಿನ ವೈರ್ ಬಿಡಿಸಿದೆ. ರಬ್ಬರ್ ಪೈಪಿನ ಕ್ಲಿಪ್ಪಿಗೆ ಇಕ್ಕಳ ಹಾಕೋಕೆ ಹೋದಾಗ ಅಪ್ಪ "ಏ... ಗುರುತು" ಅಂದ್ರು. ಯಾವುದು ಒಳಗೆ ಬರೋ ಪೈಪು, ಯಾವುದು ಹೊರಗೆ ಹೋಗೋದು ಅಂತ ಗುರುತು ಹಾಕಿರಲಿಲ್ಲ. ಅಮ್ಮನ ಕುಂಕುಮದಲ್ಲಿ ಒಂದಕ್ಕೆ ಬೊಟ್ಟಿಟ್ಟೆ. (ಮೂರನೇ ಫೋಟೋ. ನಗಬೇಡಿ, ಕೆಲಸ ಮಾಡುತ್ತೆ.)

ಫಿಲ್ಟರ್ ಬಿಚ್ಚಿ, ತಲೆ ಹಿಡಿದಿದ್ದ ಬೋಲ್ಟ್ ತೆಗೆದು ಹಳೇ ಪ್ರೈಮರನ್ನ ಇಳಿಸಿದೆ. ಆಮೇಲೆ ಅದನ್ನ ಬಿಚ್ಚಿ ನೋಡಿದಾಗ ಒಳಗಿನ ರಬ್ಬರ್ ಹಪ್ಪಳದ ಹಾಗೆ ಗಟ್ಟಿಯಾಗಿತ್ತು, ಅಂಚಲ್ಲಿ ಉಗುರಿನಷ್ಟು ಸೀಳು. ಅದು ಯಾರ ತಪ್ಪೂ ಅಲ್ಲ, ಇಪ್ಪತ್ತು ವರ್ಷ ಮೀರಿದ ರಬ್ಬರು. ಒತ್ತಿದಷ್ಟೂ ಸೀಳು ದೊಡ್ಡದಾಗಿದೆ, ದೊಡ್ಡದಾದಷ್ಟೂ ಹೆಚ್ಚು ಒತ್ತಬೇಕಾಗಿದೆ. ಮಾಮ ಇನ್ನೊಂದು ಮಾತು ಹೇಳಿದ್ರು. 1993ರಲ್ಲಿ ಅಮೆರಿಕದಲ್ಲಿ ಗಂಧಕ ಕಡಿಮೆ ಇರೋ ಡೀಸೆಲ್ ಬಂದಾಗ ಎಷ್ಟೋ ಹಳೇ ಗಾಡಿಗಳ ರಬ್ಬರ್ ಸೀಲು ಕುಗ್ಗಿ ಸೋರಿದ್ವಂತೆ. ನಮ್ಮಲ್ಲೂ 2020ರ ಏಪ್ರಿಲ್‌ನಿಂದ ಗಂಧಕ ತೀರಾ ಕಡಿಮೆ ಇರೋ ಬಿಎಸ್6 ಡೀಸೆಲ್ಲೇ ದೇಶಕ್ಕೆಲ್ಲ. ಹಳೇ ಡೀಸೆಲ್ ಗಾಡಿ ಇಟ್ಕೊಂಡವರು ರಬ್ಬರಿನ ಕಡೆ ಒಂದು ಕಣ್ಣಿಟ್ಟಿರಿ.

ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಡೀಸೆಲ್ ಸವರಿ ಕೈಯಲ್ಲೇ ಬಿಗಿ ಮಾಡಿದೆ. ಪೈಪುಗಳಿಗೆ ಹೊಸ ಕ್ಲಿಪ್ಪು. ಆಮೇಲೆ ಒತ್ತು. ಅಪ್ಪ ಎಣಿಸಿದ್ರು, ನಿಧಾನವಾಗಿ, ತಡವರಿಸ್ತಾ. ಅರವತ್ತಮೂರಕ್ಕೆ ಗುಂಡಿ ಗಟ್ಟಿಯಾಯ್ತು. ಸುತ್ತ ಬೆರಳು ಆಡಿಸಿದೆ. ಒಣ.

8/8

ನಿಜವಾದ ಪರೀಕ್ಷೆ ಮಾರನೇ ಬೆಳಗ್ಗೆ. ಆರಕ್ಕೆ ಎದ್ದು, ಬಾನೆಟ್ ಎತ್ತದೆ, ಒಂದೂ ಒತ್ತದೆ, ಹೀಟರ್ ದೀಪ ಆರಿದ ಮೇಲೆ ಸೆಲ್ಫ್ ಹೊಡೆದೆ. ಒಂದೇ ಸಲಕ್ಕೆ ಎದ್ದಿತು. ಒಳಗೆ ಓಡಿಬಂದು "ಅಪ್ಪ, ಒತ್ತದೇ ಸ್ಟಾರ್ಟ್ ಆಯ್ತು!" ಅಂದೆ.

ಅಪ್ಪನ ಮುಖದಲ್ಲಿ ನಾನು ಅಂದ್ಕೊಂಡ ನಗು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಸರಿ... ಇನ್ನು ನಾನು ಬೇಡ" ಅಂದ್ರು. ತಮಾಷೆಗೆ ಅಂದ್ರೋ ನಿಜಕ್ಕೋ, ಈಗಿನ ಅವರ ಮಾತಿನ ಧಾಟಿಯಲ್ಲಿ ಗೊತ್ತಾಗಲ್ಲ. ನನಗೆ ಉತ್ತರ ಹೊಳೀಲಿಲ್ಲ. ಕಾಫಿ ತಂದುಕೊಟ್ಟೆ.

ಹಳೇ ಪ್ರೈಮರನ್ನ ಸೋಪು ಹಾಕಿ ತೊಳೆದು ಅವರ ಕಿಟಕಿ ಮೇಲಿಟ್ಟಿದ್ದೀನಿ. ಅವರೇ ಕೇಳಿದ್ರು. ಬಲಗೈ ಬೆರಳಿಗೆ ವ್ಯಾಯಾಮಕ್ಕೆ ಇದನ್ನ ಒತ್ತಬಹುದಾ ಅಂತ ಫಿಸಿಯೋದವರನ್ನ ಕೇಳಿದ್ವಿ. ಒತ್ತಿ ನೋಡಿ, "ಇದು ತುಂಬ ಗಟ್ಟಿ ಸಾರ್, ಮೊದಲು ಸ್ಪಂಜಿನ ಚೆಂಡು" ಅಂದ್ರು. ಚೆಂಡಿನ ಕೆಲಸ ನಡೀತಿದೆ. ಆದ್ರೂ ನಾವು ನೋಡ್ದೇ ಇದ್ದಾಗ ಅಪ್ಪ ಕಿಟಕಿ ಕಡೆ ಕೈ ಚಾಚ್ತಾರೆ. ಮೊನ್ನೆ ಮೂರು ಒತ್ತು ಆಯ್ತಂತೆ. ಅಮ್ಮ ಗುಟ್ಟಾಗಿ ಹೇಳಿದ್ಲು.

ಗಾಡಿ ಮಾರೋ ವಿಷಯ ಅಣ್ಣ ಮತ್ತೆ ಎತ್ತಿಲ್ಲ, ನಾನೂ ಎತ್ತಿಲ್ಲ. ಈಗ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮೋತ್ಸವದ ಸಂಗೀತ ನಡೀತಿದೆ. ಮುಂಚೆ ಅಪ್ಪ ನಡೆದೇ ಹೋಗ್ತಿದ್ದ ದೂರ. ಈ ವರ್ಷ ಕ್ವಾಲಿಸ್‌ನಲ್ಲಿ ಕರ್ಕೊಂಡು ಹೋಗ್ತೀನಿ, ನಾನೇ ಡ್ರೈವರ್.

ಎರಡೇ ಮಾತು ಹೇಳಿ ಮುಗಿಸ್ತೀನಿ.

ಬಾಯಿ ವಾಲಿದ್ರೆ, ಕೈ ಎತ್ತೋಕಾಗದಿದ್ರೆ, ಮಾತು ತೊದಲಿದ್ರೆ ಸ್ವಂತ ಕಾರಿನ ಕೀ ಹುಡುಕಬೇಡಿ, ಮೊದಲು 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಹಾಕಬೇಡಿ, ನುಂಗೋಕಾಗದೆ ಶ್ವಾಸಕೋಶಕ್ಕೆ ಹೋಗಬಹುದು. ಶುರುವಾದ ಗಂಟೆ ಎಷ್ಟು ಅಂತ ನೆನಪಿಟ್ಕೊಳ್ಳಿ, ಡಾಕ್ಟರು ಮೊದಲು ಕೇಳೋದು ಅದನ್ನೇ.

ಇನ್ನೊಂದು. ಗ್ಯಾಸ್ ಒಲೆಯೋ, ನೀರಿನ ಮೋಟಾರೋ, ಕಾರೋ, ಮನೇಲಿ ಒಬ್ಬರಿಗೇ ಗೊತ್ತಿರೋ ಉಪಾಯದಿಂದ ನಡೀತಿದ್ರೆ ಅದು ಉಪಾಯ ಅಲ್ಲ, ಬಾಕಿ ಇರೋ ರಿಪೇರಿ. ಇವತ್ತೇ ಹೋಗಿ ಬಗ್ಗಿ ನೋಡಿ. "ಆಯಿಲ್ಲು ನೀರು ನೋಡ್ತಿದ್ದೀನಿ" ಅಂದ್ರೆ ನಂಬಬೇಡಿ. ಬೈಯದೆ ಕೇಳಿ.

ನಿಮ್ಮನೇಲಿ ಯಾರ ಕೈ ಯಾವುದನ್ನ ಹೀಗೆ ನಡೆಸ್ತಿದೆ? ಕೆಳಗೆ ಬರೀರಿ, ಅಪ್ಪನಿಗೆ ಓದಿ ಹೇಳ್ತೀನಿ.

#ಚಾಮರಾಜಪೇಟೆ #ಕ್ವಾಲಿಸ್ #ಜೆಸಿರೋಡ್ #ಡೀಸೆಲ್‌ಗಾಡಿ #ಅಪ್ಪ